ಮೊದಲ ನೋಟದ ಕನ್ನಡ

ಪ್ರಸಾದ ಗುಣದ ಲಕ್ಷಣವನ್ನು ಹೇಳುವಾಗ ನಮ್ಮ ಆಲಂಕಾರಿಕರು ಒಣಗಿದ ಸೌದೆಗೆ ತಗುಲಿದ ಬೆಂಕಿಯ ಹೋಲಿಕೆಯನ್ನು ಕೊಡುತ್ತಾರೆ. ಓದುತ್ತಿರುವಂತೆಯೇ ಅರ್ಥವು ಮನಸ್ಸನ್ನು ವ್ಯಾಪಿಸಬೇಕು ಎಂಬುದು ಮಮ್ಮಟನ ಆಶಯ. ಸ್ನಾತಕೋತ್ತರ ತರಗತಿಗಳಲ್ಲಿ ಕಾವ್ಯಮೀಮಾಂಸೆಯ ಭಾಗವಾಗಿ ಇದನ್ನು ವರ್ಷವರ್ಷವೂ ಪಾಠ ಹೇಳಲಾಗುತ್ತದೆ. ವಿದ್ಯಾರ್ಥಿಗಳೂ ಉತ್ತರಪತ್ರಿಕೆಗಳಲ್ಲಿ ತಪ್ಪದೆ ಬರೆಯುತ್ತಾರೆ. ಆದರೆ ಸಾಮಾನ್ಯ ಕನ್ನಡಿಗನೊಬ್ಬ ಇಂದು ದಿನಕ್ಕೆ ಹತ್ತಾರು ಸಲ ಓದುವ ಕನ್ನಡ ಕಾವ್ಯದ್ದೂ ಅಲ್ಲ, ಗದ್ಯದ್ದೂ ಅಲ್ಲ. ಅಂಗೈಯಗಲದ ಪರದೆಯ ಮೇಲೆ, ಒತ್ತಬೇಕಾದ ಗುಂಡಿಯೊಳಗೆ, ಒಂದೊಂದೇ ಪದವಾಗಿ ಮೂಡುವ ಕನ್ನಡ ಅದು. ಈ ಕನ್ನಡಕ್ಕೆ ಪ್ರಸಾದ ಗುಣವಿದೆಯೇ ಎಂಬ ಪ್ರಶ್ನೆಯನ್ನು ಕೇಳುವ ಅಧಿಕಾರ ಯಾರಿಗಿದೆ? ಎಂಜಿನಿಯರುಗಳಿಗೆ ಎಂಬ ಭಾವನೆ ಕನ್ನಡ ವಿಭಾಗಗಳಲ್ಲಿ ಸದ್ದಿಲ್ಲದೆ ಬೇರೂರಿದೆ. ಅದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಈ ಪ್ರಶ್ನೆಯನ್ನು ಕೇಳಲು ಬೆಂಗಳೂರಿಗಿಂತಲೂ ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳೇ ಹೆಚ್ಚು ತಕ್ಕ ನೆಲವೆಂಬುದೂ ನನ್ನ ಅಭಿಪ್ರಾಯವೇ.

ಪರದೆಯ ವಿನ್ಯಾಸವನ್ನು ಬೇಗನೆ ಒರೆಗೆ ಹಚ್ಚಲು ಪಶ್ಚಿಮದಲ್ಲಿ ಬಳಕೆಗೆ ಬಂದ ಒಂದು ಸರಳ ವಿಧಾನವಿದೆ. ಓದುಗನ ಮುಂದೆ ಒಂದು ಪುಟವನ್ನು ಐದೇ ಸೆಕೆಂಡು ಹಿಡಿದು ಮರೆಮಾಡುತ್ತಾರೆ. ಆಮೇಲೆ ಕೇಳುತ್ತಾರೆ: ಏನು ನೆನಪಿದೆ? ಈ ಪುಟ ಯಾವುದಕ್ಕಾಗಿ? ಇಲ್ಲಿ ನೀವು ಮೊದಲು ಏನನ್ನು ಒತ್ತುತ್ತಿದ್ದಿರಿ? ಇಷ್ಟೇ. ಅಮೆರಿಕದ ಜೇರೆಡ್ ಸ್ಪೂಲ್ ಮತ್ತು ಕ್ರಿಸ್ಟೀನ್ ಪರ್ಫೆಟಿ ಅವರ ಬಳಗ 2000ದ ದಶಕದಲ್ಲಿ ಇದನ್ನು ಪ್ರಚಾರಕ್ಕೆ ತಂದಿತು. ಅದಕ್ಕೂ ಮುನ್ನ, 1989ರಷ್ಟು ಹಿಂದೆಯೇ, ಯಾಕೊಬ್ ನೀಲ್ಸನ್ ಅವರು ಇಂಥ ಪರೀಕ್ಷೆಗಳಿಗೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ, ಬೆರಳೆಣಿಕೆಯ ಜನರೇ ದೋಷಗಳ ಬಹುಪಾಲನ್ನು ತೋರಿಸಿಕೊಡುತ್ತಾರೆ ಎಂದು ವಾದಿಸತೊಡಗಿದ್ದರು. 2006ರಲ್ಲಿ ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಗಿಟ್ಟೆ ಲಿಂಡ್‌ಗಾರ್ಡ್ ಮತ್ತು ಅವರ ಸಂಗಡಿಗರು ಇನ್ನೂ ಮುಂದೆ ಹೋಗಿ, 50 ಮಿಲಿಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಲ್ಲಿ, ನೋಡುಗ ಒಂದು ಪುಟದ ಬಗ್ಗೆ ಅಭಿಪ್ರಾಯ ತಳೆದಿರುತ್ತಾನೆ ಎಂದು ತೋರಿಸಿದರು. ಆದರೆ ಅವರು ಅಳೆದದ್ದು ಅಂದವನ್ನು, ತಿಳಿವನ್ನಲ್ಲ. ಇವೆರಡನ್ನೂ ಒಂದೆಂದು ಭಾವಿಸುವವರು ಬಹಳ ಮಂದಿ. ಕಣ್ಣಿಗೆ ಹಿಡಿಸಿದ್ದೆಲ್ಲ ಬುದ್ಧಿಗೆ ಎಟುಕುವುದಿಲ್ಲ ಎಂಬುದನ್ನು ಚಿತ್ರಕಾವ್ಯ ಓದಿದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮುಂಬಯಿಯ ಉಪನಗರಗಳಲ್ಲಿ ಬದುಕುವವರಿಗೆ ಈ ಐದು ಸೆಕೆಂಡಿನ ಪರೀಕ್ಷೆ ಹೊಸದೇನೂ ಅಲ್ಲ. ಡೊಂಬಿವಲಿ ನಿಲ್ದಾಣದ ಮೇಲ್ಸೇತುವೆಯಲ್ಲಿ ಬೆಳಗಿನ ಜನಸಂದಣಿ ಹಿಂದಿನಿಂದ ತಳ್ಳುತ್ತಿರುವಾಗ ಸೂಚನಾ ಫಲಕವನ್ನು ನೋಡಿ ಯಾವ ಮೆಟ್ಟಿಲನ್ನು ಇಳಿಯಬೇಕೆಂದು ನಿರ್ಧರಿಸಲು ಸಿಗುವ ಕಾಲ ಅಷ್ಟೇ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ನಾಡಿನ ಮೊದಲ ಪ್ರಯಾಣಿಕ ರೈಲು ಬಂದ ದಾರಿ ಇದು. ಇಲ್ಲಿನ ಸಂಕೇತಗಳಿಗೂ ಒಂದು ಚರಿತ್ರೆಯಿದೆ. ರೈಲಿನ ಮುಖದ ಮೇಲೂ ಫಲಕಗಳಲ್ಲೂ ಊರಿನ ಹೆಸರಿಗೆ ಬದಲಾಗಿ ಒಂದೆರಡು ಇಂಗ್ಲಿಷ್ ಅಕ್ಷರಗಳನ್ನು ಬಳಸುವ ರೂಢಿ ಬೆಳೆಯಿತು. ಥಾಣೆಗೆ ‘ಟಿ’, ಕಲ್ಯಾಣಕ್ಕೆ ‘ಕೆ’. ಆದರೆ ಕಲ್ಯಾಣದ ಆಚೆಗೆ ಹಳಿ ಎರಡಾಗಿ ಒಡೆದು ಒಂದು ಕಸಾರಾಕ್ಕೆ, ಇನ್ನೊಂದು ಕರ್ಜತ್‌ಗೆ ಹೋಗುತ್ತದೆ. ಮೂರು ಊರುಗಳದೂ ಒಂದೇ ಮೊದಲಕ್ಷರ! ‘ಕೆ’ ಕಲ್ಯಾಣಕ್ಕೆ ಸಂದಾಗಿತ್ತು. ಆದುದರಿಂದ ಈಶಾನ್ಯದ ಕಸಾರಾ ಉತ್ತರ ದಿಕ್ಕಿನ ‘ಎನ್’ ಆಯಿತು, ಆಗ್ನೇಯದ ಕರ್ಜತ್ ದಕ್ಷಿಣ ದಿಕ್ಕಿನ ‘ಎಸ್’ ಆಯಿತು. ಅದೇ ಫಲಕದ ಪಕ್ಕದ ಮನೆಯಲ್ಲಿ ‘ಎಸ್’ ಎಂದರೆ ನಿಧಾನಗತಿಯ ರೈಲು. ಉಡುಪಿಯಿಂದ ನಿನ್ನೆಯಷ್ಟೇ ಬಂದಿಳಿದವನಿಗೆ ಇದು ಒಗಟು. ಇಪ್ಪತ್ತು ವರ್ಷ ಇದೇ ಸೇತುವೆ ದಾಟಿದವನಿಗೆ ಓದುವ ಪ್ರಮೇಯವೇ ಇಲ್ಲ. ಕಣ್ಣು ಹಾಯಿಸಿದರೆ ಸಾಕು, ಕಾಲು ತಾನೇ ತಿರುಗುತ್ತದೆ.

ಮೊದಲ ನೋಟದಲ್ಲಿ ಸೋತ ಸಂಕೇತವೂ ಅಭ್ಯಾಸದಿಂದ ಗೆಲ್ಲಬಹುದು ಎಂಬುದಕ್ಕೆ ಇದು ನಿದರ್ಶನ. ಈ ಮಾತನ್ನು ನಾನು ಬೇಕೆಂದೇ ಮೊದಲು ಹೇಳುತ್ತಿದ್ದೇನೆ. ಏಕೆಂದರೆ ಪರದೆಯ ಕನ್ನಡವನ್ನು ಸಮರ್ಥಿಸುವವರು ಎತ್ತುವ ಮುಖ್ಯ ವಾದ ಇದೇ. ಹೊಸ ಪದ ಮೊದಲು ಒರಟಾಗಿ ಕಾಣುತ್ತದೆ, ಬಳಸುತ್ತ ಬಳಸುತ್ತ ನುಣುಪಾಗುತ್ತದೆ ಎನ್ನುತ್ತಾರೆ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಬಾನುಲಿ ಕೇಂದ್ರಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೇ ಹಬ್ಬಲಿಲ್ಲವೇ ಎಂದು ಕೇಳುತ್ತಾರೆ. ಹಬ್ಬಿತು, ನಿಜ. ಆದರೆ ಆಕಾಶವಾಣಿಯ ಪಕ್ಕದಲ್ಲಿ ‘ಇದು ಬೇಡವಾದರೆ ಇಲ್ಲಿ ಒತ್ತಿ’ ಎಂಬ ಗುಂಡಿ ಇರಲಿಲ್ಲ. ಕರ್ಜತ್‌ಗೆ ಹೋಗುವವನಿಗೂ ‘ಎಸ್’ ಬಿಟ್ಟರೆ ಬೇರೆ ಗತಿಯಿರಲಿಲ್ಲ. ಮೊಬೈಲಿನ ಪರದೆಯಲ್ಲಿ ಕನ್ನಡದ ಪಕ್ಕದಲ್ಲೇ ಇಂಗ್ಲಿಷ್ ಕುಳಿತಿದೆ. ಡೊಂಬಿವಲಿಯಲ್ಲಾದರೆ ಮರಾಠಿ, ಹಿಂದಿಗಳೂ ಕುಳಿತಿವೆ. ಅಲ್ಲಿ ಪದ ನುಣುಪಾಗುವವರೆಗೆ ಓದುಗ ಕಾಯುವುದಿಲ್ಲ. ಒಮ್ಮೆ ಭಾಷೆಯನ್ನು ಬದಲಿಸಿದವನು ಮತ್ತೆ ಕನ್ನಡಕ್ಕೆ ಮರಳುವುದು ಅಪರೂಪ. ಕನ್ನಡದ ಆಯ್ಕೆಯನ್ನು ಬಳಸುವವರು ಕಡಿಮೆಯೆಂಬ ಲೆಕ್ಕ ಒಮ್ಮೆ ಸಿದ್ಧವಾದರೆ, ಆ ಆಯ್ಕೆಯನ್ನು ಇಡುವುದೇಕೆಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ.

ಈಗ ಪದಗಳನ್ನೇ ನೋಡೋಣ. ಬರೆದದ್ದನ್ನೋ ಚಿತ್ರವನ್ನೋ ಇಟ್ಟುಕೊಳ್ಳುವುದಕ್ಕೆ ಪರದೆಯ ಕನ್ನಡದಲ್ಲಿ ‘ಉಳಿಸಿ’ ಎಂಬ ಮಾತು ರೂಢಿಯಾಗಿದೆ. ಅದನ್ನು ಇಲ್ಲವಾಗಿಸುವುದಕ್ಕೆ ‘ಅಳಿಸಿ’. ಎರಡೂ ಶುದ್ಧ ಕನ್ನಡ, ಎರಡೂ ಚಿಕ್ಕವು, ವ್ಯಾಕರಣದಲ್ಲಿ ಎಳ್ಳಷ್ಟೂ ದೋಷವಿಲ್ಲ. ಅಳಿ–ಉಳಿ ಎಂಬ ಜೋಡಿ ನಮ್ಮ ಕಿವಿಗೆ ಇಂಪು. ‘ಅಳಿವು ಉಳಿವು’ ಎಂಬ ನುಡಿಗಟ್ಟಿನ ಬಲವೇ ಈ ಪ್ರಾಸದಲ್ಲಿದೆ. ಆದರೆ ಕಿವಿಗೆ ಗುಣವಾದದ್ದೇ ಕಣ್ಣಿಗೆ ದೋಷವಾಗಿದೆ. ಮೂರಕ್ಷರಗಳಲ್ಲಿ ಕೊನೆಯ ಎರಡು ಒಂದೇ. ಮೊದಲಿನ ಅಕಾರ ಉಕಾರಗಳೆರಡೂ ದುಂಡು ದುಂಡು. ಪದದ ಉದ್ದವೂ ಒಂದೇ, ಎತ್ತರವೂ ಒಂದೇ. ಅರ್ಥದಲ್ಲಿ ಮಾತ್ರ ಒಂದಕ್ಕೊಂದು ಶತ್ರು. ಕನ್ನಡಕವನ್ನು ಮರೆತು ಬಂದ ಹಿರಿಯರೊಬ್ಬರು ಮೊಮ್ಮಗಳ ಮದುವೆಯ ಚಿತ್ರಗಳ ಕೆಳಗೆ ಈ ಎರಡು ಗುಂಡಿಗಳನ್ನು ಕಂಡರೆ ಏನಾದೀತೆಂದು ಊಹಿಸಬಹುದು. ಪದಗಳನ್ನು ಬೇರೆ ಬೇರೆಯಾಗಿ ಪಟ್ಟಿಯಲ್ಲಿಟ್ಟು ನೋಡಿದ ಯಾವ ಅನುವಾದಕನಿಗೂ ಈ ಅಪಾಯ ಕಾಣುವುದಿಲ್ಲ. ಪಕ್ಕಪಕ್ಕದಲ್ಲಿಟ್ಟು ಐದು ಸೆಕೆಂಡು ತೋರಿಸಿ ಮರೆಮಾಡಿದರೆ ಕಾಣುತ್ತದೆ.

‘ತೆರೆಯಿರಿ’, ‘ತೆಗೆಯಿರಿ’ ಎಂಬ ಜೋಡಿಯೂ ಹೀಗೆಯೇ. ಅಲ್ಲಿ ತೊಡಕು ಇಮ್ಮಡಿ. ಬಾಗಿಲು ತೆಗೆ ಎಂದರೆ ತೆರೆ ಎಂದರ್ಥ. ಕಾಲಿನ ಮುಳ್ಳು ತೆಗೆ ಎಂದರೆ ಹೊರಹಾಕು ಎಂದರ್ಥ. ಬಾಗಿಲೋ ಮುಳ್ಳೋ ಜೊತೆಗಿರುವುದರಿಂದ ಮಾತಿನಲ್ಲಿ ಗೊಂದಲವಾಗುವುದಿಲ್ಲ. ಪರದೆಯ ಗುಂಡಿಯಲ್ಲಿ ಕ್ರಿಯಾಪದ ಒಂಟಿಯಾಗಿ ನಿಲ್ಲುತ್ತದೆ. ಕರ್ಮಪದವನ್ನು ಕಳೆದುಕೊಂಡ ಕ್ರಿಯಾಪದ ದಿಕ್ಕು ತಪ್ಪುತ್ತದೆ. ಸಕರ್ಮಕ ಧಾತುಗಳ ಬಗ್ಗೆ ಪಾಠ ಮಾಡುವವರು ನಾವಲ್ಲದೆ ಇನ್ನಾರು ಇದನ್ನು ಎತ್ತಿ ತೋರಿಸಬೇಕು?

ಇವು ಕನ್ನಡ ನಾಡಿನೊಳಗೂ ಇರುವ ತೊಡಕುಗಳು. ಹೊರನಾಡಿಗೆ ಬಂದರೆ ಇನ್ನೊಂದು ಪದರ ಸೇರಿಕೊಳ್ಳುತ್ತದೆ. ಹಣ ಸಲ್ಲಿಸುವ ಗುಂಡಿಯ ಮೇಲೆ ‘ಪಾವತಿಸಿ’ ಎಂದಿರುತ್ತದೆ. ಬೆಂಗಳೂರಿನವನಿಗೆ ಪಾವತಿ ಎಂದರೆ ಹಣದ ಸಂದಾಯ. ಮರಾಠಿಯಲ್ಲಿ ‘ಪಾವತೀ’ ಎಂದರೆ ರಸೀದಿ. ಕಲ್ಯಾಣದಲ್ಲಿ ನಲವತ್ತು ವರ್ಷ ಸಂಸಾರ ಮಾಡಿ, ಮಹಾನಗರಪಾಲಿಕೆಯ ತೆರಿಗೆ ಕಟ್ಟಿ ಪಾವತೀ ಪಡೆದು, ಗೃಹನಿರ್ಮಾಣ ಸೊಸೈಟಿಗೆ ತಿಂಗಳ ಹಣ ಕೊಟ್ಟು ಪಾವತೀ ಪಡೆದು, ಅವನ್ನೆಲ್ಲ ತಂತಿಗೆ ಪೋಣಿಸಿಟ್ಟ ಕನ್ನಡತಿಯೊಬ್ಬಳಿಗೆ ಈ ಗುಂಡಿ ಮೊದಲ ನೋಟಕ್ಕೆ ಏನನ್ನು ಹೇಳುತ್ತದೆ? ರಸೀದಿ ಕೊಡುತ್ತೇನೆ ಎನ್ನುತ್ತದೆ. ಒತ್ತಿದರೆ ಹಣ ಹೋಗುತ್ತದೆ. ಅವಳಿಗೆ ಕನ್ನಡ ಬಾರದೆಂದಲ್ಲ. ಎರಡು ಭಾಷೆಗಳು ಚೆನ್ನಾಗಿ ಬರುತ್ತವೆ ಎಂಬುದೇ ಇಲ್ಲಿ ಅವಳ ಕಷ್ಟ. ‘ಹಣ ಕೊಡಿ’ ಎಂದು ಬರೆದಿದ್ದರೆ ಈ ಕಷ್ಟವಿಲ್ಲ. ಅದು ಗ್ರಾಂಥಿಕವಲ್ಲ, ಗೌರವಯುತವಲ್ಲ ಎಂಬ ಆಕ್ಷೇಪ ಬರಬಹುದು. ದುಡ್ಡಿನ ವಿಷಯದಲ್ಲಿ ಸ್ಪಷ್ಟತೆಗಿಂತ ದೊಡ್ಡ ಗೌರವವಿಲ್ಲ.

ಎರಡು ಭಾಷೆಗಳ ನಡುವಿನ ಬಾಳು ಯಾವಾಗಲೂ ತೊಡಕನ್ನೇ ತರುತ್ತದೆಂದೂ ಅಲ್ಲ. ಮರಾಠಿಯ ಪರದೆಗಳಲ್ಲಿ ‘ಉಳಿಸಿ’ಗೆ ಸಂವಾದಿಯಾಗಿ ‘ಜತನ ಕರಾ’ ಎಂಬುದಿದೆ. ಜತನ ಎಂಬ ಮಾತು ಉತ್ತರ ಕರ್ನಾಟಕದ ಕನ್ನಡದಲ್ಲಿ ಮನೆಮಾತು. ಬೆಳ್ಳಿಯ ಸಾಮಾನನ್ನೂ ಬೀಜದ ಕಾಳನ್ನೂ ಅಲ್ಲಿ ಜತನದಿಂದ ಇಡುತ್ತಾರೆ. ‘ಅಳಿಸಿ’ಯೊಡನೆ ಅದಕ್ಕೆ ಯಾವ ಹೋಲಿಕೆಯೂ ಇಲ್ಲ. ವಿಜಯಪುರದಿಂದ, ಕಲಬುರಗಿಯಿಂದ ಬಂದು ಈ ಉಪನಗರಗಳಲ್ಲಿ ನೆಲೆಸಿದವರಿಗೆ ಅದು ಎರಡು ಕಡೆಯಿಂದಲೂ ಪರಿಚಿತ. ಮಂಗಳೂರಿನ ಕಡೆಯವರು ಮೂಗು ಮುರಿಯಬಹುದು. ಅವರಿಗೂ ಮರಾಠಿ ಪರದೆಯ ಅಭ್ಯಾಸವಿದ್ದರೆ ಮುರಿಯಲಿಕ್ಕಿಲ್ಲ. ಯಾವುದು ಗೆಲ್ಲುತ್ತದೆಂದು ಕೊಠಡಿಯಲ್ಲಿ ಕುಳಿತು ತೀರ್ಮಾನಿಸುವುದಕ್ಕಿಂತ ಜನರಿಗೆ ತೋರಿಸಿ ನೋಡುವುದು ಮೇಲು. ಇನ್ನು, ಇಂಗ್ಲಿಷಿನ ಮಾತನ್ನೇ ಕನ್ನಡ ಲಿಪಿಯಲ್ಲಿ ‘ಸೇವ್’ ಎಂದು ಬರೆದರೆ ಆಯಿತಲ್ಲ ಎನ್ನುವವರಿಗೆ ಒಂದು ಮಾತು: ಮುಂಬಯಿಯಲ್ಲಿ ಸೇವ್ ಎಂದರೆ ಕಡಲೆಹಿಟ್ಟಿನ ತಿಂಡಿ, ಪೂರಿಯ ಮೇಲೆ ಉದುರಿಸುವಂಥದು.

ಪದದಿಂದ ಅಕ್ಷರದ ಆಕಾರಕ್ಕೆ ಬಂದರೆ, ಈ ನೆಲಕ್ಕೂ ಪರದೆಯ ಕನ್ನಡಕ್ಕೂ ಹಳೆಯ ನಂಟಿರುವುದು ತಿಳಿಯುತ್ತದೆ. ಧ್ವನಿಯನ್ನು ಅನುಸರಿಸುವ ಕನ್ನಡ ಕೀಲಿಮಣೆಯನ್ನು ರೂಪಿಸಿದ ಕೆ.ಪಿ. ರಾವ್ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದ್ದವರು. ಇಸವಿ 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಂದಿಗೆ ಕನ್ನಡಕ್ಕೆ ದೊರೆತ ‘ತುಂಗಾ’ ಎಂಬ ಅಕ್ಷರಮಾಲೆ, ಪರದೆಯ ಪಟ್ಟಿಗಳಿಗೂ ಗುಂಡಿಗಳಿಗೂ ಉದ್ದೇಶಿಸಿದ್ದು, ರೂಪುಗೊಂಡದ್ದು ಮುಂಬಯಿಯ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರದಲ್ಲಿ, ಅಕ್ಷರಕಲಾವಿದ ಆರ್.ಕೆ. ಜೋಶಿಯವರ ನಿರ್ದೇಶನದಲ್ಲಿ. ಆ ಕೇಂದ್ರ ಮುಂದೆ ಸಿ-ಡ್ಯಾಕ್‌ನಲ್ಲಿ ವಿಲೀನವಾಯಿತು. ಅದರ ಒಂದು ಆವರಣ ನವಿ ಮುಂಬಯಿಯ ಖಾರ್ಘರ್‌ನಲ್ಲಿದೆ. ಕರ್ನಾಟಕದ ಕಚೇರಿಗಳಲ್ಲಿಯೂ ವರ್ಷಾನುಗಟ್ಟಲೆ ಕನ್ನಡಿಗರು ನೋಡಿದ ಅಕ್ಷರಗಳು ಹೀಗೆ ಅರಬ್ಬೀ ಸಮುದ್ರದ ಈ ದಡದಲ್ಲಿ ಹುಟ್ಟಿದವು ಎಂಬುದನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಹೇಳುವುದಿಲ್ಲ, ಹೇಳಬೇಕಾಗಿತ್ತು.

ಕನ್ನಡ ಲಿಪಿಗೆ ಚಿಕ್ಕ ಪರದೆ ಸಹಜ ಮಿತ್ರನಲ್ಲ. ದಕಾರ ಧಕಾರಗಳನ್ನು, ಬಕಾರ ಭಕಾರಗಳನ್ನು ಬೇರ್ಪಡಿಸುವುದು ಹೊಟ್ಟೆಯ ಕೆಳಗಿನ ಒಂದು ಸೀಳು. ಅಕ್ಷರ ಚಿಕ್ಕದಾದಂತೆ ಮೊದಲು ಮಾಯವಾಗುವುದು ಅದೇ. ವ, ಪ, ಷ, ಮಗಳ ನಡುವಿನ ಅಂತರವೂ ಒಂದೆರಡು ಗೆರೆಗಳದ್ದು. ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಇಂಗ್ಲಿಷಿನ ಅಳತೆಗೆ ಮಾಡಿದ ಗುಂಡಿಯೊಳಗೆ ಕನ್ನಡವನ್ನು ತುರುಕಿದಾಗ ಅದರ ಕಾಲು ಕತ್ತರಿಸಿಹೋಗುವುದನ್ನು ಅನೇಕರು ಕಂಡಿದ್ದಾರೆ. ಇವನ್ನೆಲ್ಲ ಅಳೆಯಲು ಗಡಿಯಾರ ಹಿಡಿದ ಪರೀಕ್ಷೆಯೇ ಬೇಕು. ಕಣ್ಣಿಗೆ ಸಾವಕಾಶ ಕೊಟ್ಟರೆ ಅದು ಮುರಿದ ಅಕ್ಷರವನ್ನೂ ಸರಿಪಡಿಸಿಕೊಂಡು ಓದಿಬಿಡುತ್ತದೆ, ದೋಷ ಅಡಗಿಹೋಗುತ್ತದೆ.

ಆದರೆ ಪದದ ಅರ್ಥವನ್ನು ಪರೀಕ್ಷಿಸುವಾಗ ಗಡಿಯಾರ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ. ಐದು ಸೆಕೆಂಡಿನ ವಿಧಾನವು ಒಂದೇ ಲಿಪಿಯಲ್ಲಿ ಬಾಲ್ಯದಿಂದಲೂ ಓದುತ್ತ ಬಂದ ಸಮಾಜದಲ್ಲಿ ಹುಟ್ಟಿದ್ದು. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 10 ಲಕ್ಷ. ಇವರೆಲ್ಲ ಕನ್ನಡವನ್ನು ಒಂದೇ ವೇಗದಲ್ಲಿ ಓದುವವರಲ್ಲ. ಊರಿನಲ್ಲಿ ಕನ್ನಡ ಶಾಲೆ ಮುಗಿಸಿ ಉದ್ಯೋಗಕ್ಕೆ ಬಂದ ಹಿರಿಯರು ಒಂದು ಬಗೆ. ಇಲ್ಲಿಯೇ ಕನ್ನಡ ಮಾಧ್ಯಮದ ಶಾಲೆಗಳಲ್ಲಿ, ರಾತ್ರಿಶಾಲೆಗಳಲ್ಲಿ ಕಲಿತು ಮುಂದೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಕೆಲಸ ಮಾಡಿದವರು ಇನ್ನೊಂದು. ಐರೋಲಿ, ಮಹಾಪೆಗಳ ತಂತ್ರಾಂಶ ಕಂಪನಿಗಳಿಗೆ ಹೋಗುವ ಮೂರನೆಯ ತಲೆಮಾರಿನ ತರುಣ ತರುಣಿಯರಲ್ಲಿ ಅನೇಕರು ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡುತ್ತಾರೆ, ಕನ್ನಡ ಲಿಪಿಯನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ಓದುತ್ತಾರೆ. ಅಂಥವರಿಗೆ ಐದು ಸೆಕೆಂಡು ಕೊಟ್ಟು ಪುಟವನ್ನು ಕಸಿದುಕೊಂಡರೆ ಪರೀಕ್ಷೆಗೊಳಗಾಗುವುದು ಪರದೆಯಲ್ಲ, ಓದುಗ. ಫಲಿತಾಂಶವೂ ಮೊದಲೇ ಗೊತ್ತು: ಕನ್ನಡ ಕಷ್ಟ, ಇಂಗ್ಲಿಷೇ ಸುಲಭ. ಆದುದರಿಂದ ಅರ್ಥದ ಪರೀಕ್ಷೆಯಲ್ಲಿ ಓದುಗ ತನಗೆ ಬೇಕಾದಷ್ಟು ಹೊತ್ತು ಓದಲಿ, ಬೇಕಿದ್ದರೆ ಗಟ್ಟಿಯಾಗಿ ಓದಲಿ. ಓದಿ ಮುಗಿಸಿದ ಮೇಲೆ ‘ಇದನ್ನು ಒತ್ತಿದರೆ ಏನಾಗುತ್ತದೆ?’ ಎಂದು ಕೇಳಿ, ಅವನು ಕೊಡುವ ಮೊದಲ ಉತ್ತರವನ್ನು ಮಾತ್ರ ಬರೆದುಕೊಳ್ಳಬೇಕು. ತಿದ್ದಬಾರದು, ಸುಳಿವು ಕೊಡಬಾರದು. ಮೇಷ್ಟ್ರುಗಳಿಗೆ ಇದು ಎಲ್ಲಕ್ಕಿಂತ ಕಷ್ಟದ ಕೆಲಸ.

ಥಾಣೆಯ ಮಗ್ಗುಲಲ್ಲೇ ಇರುವ ಪವಾಯಿಯ ಐ.ಐ.ಟಿ.ಯಲ್ಲಿ ಅನಿರುದ್ಧ ಜೋಶಿಯವರ ನೇತೃತ್ವದಲ್ಲಿ ಸಿದ್ಧವಾದ ‘ಸ್ವರಚಕ್ರ’ ಎಂಬ ಮೊಬೈಲ್ ಕೀಲಿಮಣೆ 2013ರಲ್ಲಿ ಬಳಕೆಗೆ ಬಂತು. ಅದರಲ್ಲಿ ಕನ್ನಡವೂ ಇದೆ. ವ್ಯಂಜನವೊಂದರ ಮೇಲೆ ಬೆರಳಿಟ್ಟರೆ ಅದರ ಸುತ್ತ ಚಕ್ರವೊಂದು ಬಿಚ್ಚಿಕೊಂಡು ಆ ಅಕ್ಷರದ ಕಾಗುಣಿತ ಮೂಡುತ್ತದೆ. ಬೇಕಾದ ಸ್ವರದ ಕಡೆಗೆ ಬೆರಳನ್ನು ಜಾರಿಸಿದರೆ ಆಯಿತು. ಕಾಗುಣಿತವನ್ನು ರಾಗವಾಗಿ ಒಪ್ಪಿಸಿದ ಯಾರಿಗೂ ಈ ಚಕ್ರವನ್ನು ವಿವರಿಸಬೇಕಾಗಿಲ್ಲ. ಇಂಗ್ಲಿಷ್ ಕೀಲಿಮಣೆಯ ಮೇಲೆ ಕನ್ನಡವನ್ನು ಹೊದಿಸದೆ, ಓದುಗನ ತಲೆಯಲ್ಲಿ ಆಗಲೇ ಇರುವ ಭಾರತೀಯ ಅಕ್ಷರಕ್ರಮವನ್ನೇ ಪರದೆಗೆ ತಂದ ವಿನ್ಯಾಸವಿದು. ನನಗೆ ಇನ್ನೂ ಮುಖ್ಯವಾಗಿ ತೋರುವುದು ಅವರ ಪರೀಕ್ಷೆಯ ಕ್ರಮ. ಮರಾಠಿ ಬಳಕೆದಾರರೊಂದಿಗೆ ಕೀಲಿಮಣೆಗಳನ್ನು ಹೋಲಿಸಿ ನೋಡಿದಾಗ ಮೊದಲ ಸಲದ ಬಳಕೆಯನ್ನೂ ಅನೇಕ ದಿನಗಳ ಅಭ್ಯಾಸದ ನಂತರದ ಬಳಕೆಯನ್ನೂ ಆ ಬಳಗ ಬೇರೆ ಬೇರೆಯಾಗಿ ಅಳೆಯಿತು. ಮೊದಲ ನೋಟದ ತೀರ್ಪನ್ನೇ ಕೊನೆಯ ತೀರ್ಪೆಂದು ಅವರು ಎಣಿಸಲಿಲ್ಲ, ಅದನ್ನು ಕಡೆಗಣಿಸಲೂ ಇಲ್ಲ. ಕನ್ನಡದ ಪದಗಳಿಗೂ ಇಂಥ ವಿವೇಕ ಬೇಕು.

ಈ ವಿಧಾನವನ್ನು ಸಾಹಿತ್ಯಕ್ಕೆ ಹಚ್ಚಬೇಡಿ ಎಂಬ ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನಾರಿಕೇಳಪಾಕಕ್ಕೆ ಅದರದೇ ಓದುಗರಿದ್ದಾರೆ. ಸಿಪ್ಪೆ ಸುಲಿದು ಕರಟ ಒಡೆಯುವ ಸುಖ ಬೇರೆ. ಹಣ ಕಳುಹಿಸುವ ಗುಂಡಿಗೆ ಮಾತ್ರ ದ್ರಾಕ್ಷಾಪಾಕವೇ ಆಗಬೇಕು.

1978ರಲ್ಲಿ ಆರಂಭವಾದ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕಾಗಲಿ, ಈ ಊರುಗಳ ಕರ್ನಾಟಕ ಸಂಘಗಳಿಗಾಗಲಿ ಇದು ಹೊರೆಯಾಗುವ ಕೆಲಸವಲ್ಲ. ಗಣಕಯಂತ್ರವೂ ಬೇಡ. ಅಂಗೈಯಗಲದ ರಟ್ಟಿನ ಚೀಟಿಗಳು, ಅವುಗಳ ಮೇಲೆ ಪರದೆಯಲ್ಲಿರುವಷ್ಟೇ ಗಾತ್ರದಲ್ಲಿ ಅಚ್ಚಾದ ಪದಗಳು, ಒಂದು ನೋಟುಪುಸ್ತಕ, ಇಬ್ಬರು ವಿದ್ಯಾರ್ಥಿಗಳು: ಒಬ್ಬರು ತೋರಿಸಲು, ಒಬ್ಬರು ಬರೆಯಲು. ಬೇರೆ ಬೇರೆ ಬಗೆಯ ಬಳಕೆದಾರರಿದ್ದರೆ ಪ್ರತಿಯೊಂದು ಬಗೆಯಿಂದಲೂ ಜನ ಬೇಕೆಂದು ನೀಲ್ಸನ್ ಅವರೇ ಹೇಳಿದ್ದಾರೆ. ನಾನು ಹೆಸರಿಸಿದ ಮೂರು ಬಗೆಗಳಿಂದ ಐದೈದು ಜನ, ಒಟ್ಟು ಹದಿನೈದು. ಒಂದು ಭಾನುವಾರ ಬೆಳಿಗ್ಗೆ ಡೊಂಬಿವಲಿ, ಸಂಜೆ ವಾಶಿ ಎಂದಿಟ್ಟುಕೊಂಡರೆ ಒಂದೇ ದಿನದಲ್ಲಿ ಮುಗಿದೀತು. ಸ್ನಾತಕೋತ್ತರ ವಿದ್ಯಾರ್ಥಿಯ ಕಿರುಪ್ರಬಂಧಕ್ಕೆ ಇದು ಒಳ್ಳೆಯ ವಿಷಯ. ಈಗಾಗಲೇ ಬರೆದಾಗಿರುವ ಕವಿಯ ಬಗ್ಗೆ ಇಪ್ಪತ್ತನೆಯ ಕಿರುಪ್ರಬಂಧ ಬರೆಯುವುದಕ್ಕಿಂತಲಾದರೂ ಒಳ್ಳೆಯದು. ಬಂದ ಉತ್ತರಗಳನ್ನು ತೀರ್ಪು ಸೇರಿಸದೆ ಪದ, ಓದುಗನ ಬಗೆ, ಮೊದಲ ಉತ್ತರ ಎಂಬ ಮೂರು ಕಲಮುಗಳಲ್ಲಿ ಅಚ್ಚು ಹಾಕಿಸಿ ತಂತ್ರಾಂಶ ಮಾಡುವವರಿಗೂ ಬ್ಯಾಂಕುಗಳಿಗೂ ಕಳುಹಿಸಬಹುದು.

ಮೊದಲ ಸುತ್ತಿಗೆ ಹನ್ನೆರಡು ಚೀಟಿ ಸಾಕು. ನನ್ನ ಆಯ್ಕೆ ಇದು: ಉಳಿಸಿ, ಅಳಿಸಿ, ಜತನ ಮಾಡಿ, ತೆರೆಯಿರಿ, ತೆಗೆಯಿರಿ, ಮುಚ್ಚಿ, ಪಾವತಿಸಿ, ಹಣ ಕೊಡಿ, ರದ್ದುಮಾಡಿ, ಅನುಮತಿಸಿ, ಒಪ್ಪಿಗೆ ಇದೆ, ಹುಡುಕಿ. ಕೊನೆಯದನ್ನು ಎಲ್ಲರೂ ಸರಿಯಾಗಿ ಹೇಳುತ್ತಾರೆಂದು ನನ್ನ ನಿರೀಕ್ಷೆ. ಆದುದರಿಂದ ಅದನ್ನು ಮೊದಲು ತೋರಿಸುವುದು ಒಳ್ಳೆಯದು, ಉತ್ತರ ಹೇಳುವವರ ಸಂಕೋಚ ಅಲ್ಲಿಗೆ ಬಿಟ್ಟುಹೋಗುತ್ತದೆ.